ದುಡ್ಡು ಮುಗಿದ ಮೇಲೂ ಕೆಲಸ ಉಳಿಯಬೇಕಾದರೆ

ನಿಮ್ಮ ಪ್ರಶ್ನೆ ಇದು: ಬಡವರ ಬಡಾವಣೆಯೊಂದರಲ್ಲಿ ಅಲ್ಲಿನ ಜನರನ್ನೇ ಸೇರಿಸಿಕೊಂಡು ಚರಂಡಿ, ಕಸ, ಗಿಡಗಳ ಕೆಲಸ ಮಾಡಬೇಕೆಂದಿದ್ದೀರಿ. ದಾನಿಗಳ ದುಡ್ಡು ಎರಡು ವರ್ಷಕ್ಕೆ ಮಾತ್ರ ಇದೆ. ಆಮೇಲೂ ಅದು ಉಳಿಯಬೇಕಾದರೆ ಏನು ಮಾಡಬೇಕು?

ನಾನು ಇಂಥ ಕೆಲಸಗಳಲ್ಲಿ ಹಲವು ವರ್ಷ ಓಡಾಡಿದ್ದೇನೆ. ಎರಡು ವರ್ಷ ಕಳೆದ ಮೇಲೆ ಕೇಳೋಣ ಅಂದುಕೊಂಡ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ. ಚರಂಡಿಯಲ್ಲಿ ಕಸ ಕಟ್ಟಿಕೊಂಡರೆ ಕೋಲು ಹಿಡಿಯುವವರು ಯಾರು? ಬೇಸಿಗೆಯಲ್ಲಿ ಸಸಿಗೆ ನೀರು ಹಾಕುವವರು ಯಾರು? 'ಸಮುದಾಯ' ಅನ್ನುವುದು ಉತ್ತರವಲ್ಲ. ಆ ಓಣಿಯಲ್ಲಿರುವವರ ಹೆಸರು ಬೇಕು. ಹೆಸರು ಸಿಗದಿದ್ದರೆ ಆ ಕೆಲಸ ಸದ್ಯಕ್ಕೆ ಬೇಡ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಕರಾಚಿಯ ಒರಂಗಿ. ದೊಡ್ಡ ಬಡಾವಣೆ. ಮನೆಗಳನ್ನು ಜನರೇ ಕಟ್ಟಿಕೊಂಡಿದ್ದರು, ಒಳಚರಂಡಿ ಮಾತ್ರ ಇರಲಿಲ್ಲ. ಕೊಳಕು ನೀರೆಲ್ಲ ಓಣಿಯಲ್ಲೇ ಹರಿಯುತ್ತಿತ್ತು. 1980ರಲ್ಲಿ ಸಮಾಜ ಕಾರ್ಯಕರ್ತ ಅಖ್ತರ್ ಹಮೀದ್ ಖಾನ್ ಅಲ್ಲಿ ಕೆಲಸ ಶುರು ಮಾಡಿದರು. ಚರಂಡಿಯನ್ನು ಸರ್ಕಾರವೇ ಬಿಟ್ಟಿಯಾಗಿ ಮಾಡಿಕೊಡುತ್ತದೆ ಅಂತ ಜನ ಕಾಯುತ್ತಿದ್ದರು. ಖಾನ್ ಅವರ ತಂಡ ಚರಂಡಿಗೆ ದುಡ್ಡು ಕೊಡಲಿಲ್ಲ. ಓಣಿಯ ನಕ್ಷೆ ಬರೆದುಕೊಟ್ಟರು, ಇಳಿಜಾರು ಅಳೆದುಕೊಟ್ಟರು, ಖರ್ಚಿನ ಅಂದಾಜು ಹಾಕಿಕೊಟ್ಟರು, ಸಾಮಾನು-ಸಲಕರಣೆ ಎರವಲು ಕೊಟ್ಟರು. ದುಡ್ಡು ಕೂಡಿಸಿದ್ದು, ಅಗೆದದ್ದು, ಪೈಪ್ ಹಾಕಿದ್ದು ಓಣಿಯವರು.

ಗಮನಿಸಿ, ಅವರು ಇಡೀ ಬಡಾವಣೆಯನ್ನು ಒಟ್ಟಿಗೆ ಸೇರಿಸಲು ಹೋಗಲಿಲ್ಲ. ಒಂದು ಓಣಿ, ಅಂದರೆ ಇಪ್ಪತ್ತರಿಂದ ನಲವತ್ತು ಮನೆ. ಅಷ್ಟು ಜನರಿಗೆ ಒಬ್ಬರಿಗೊಬ್ಬರ ಮುಖ ಗೊತ್ತು. ಯಾರು ವಂತಿಗೆ ಕೊಟ್ಟಿಲ್ಲ ಅನ್ನುವುದೂ ಗೊತ್ತು. ದುಡ್ಡು ಇಟ್ಟುಕೊಳ್ಳುವವರನ್ನು ಓಣಿಯವರೇ ಆರಿಸಿದರು. ಗುತ್ತಿಗೆದಾರ ಇರಲಿಲ್ಲ, ವಿನ್ಯಾಸವೂ ಸರಳವಾಗಿತ್ತು. ಹಾಗಾಗಿ ಸರ್ಕಾರಿ ಅಂದಾಜಿನ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಹೀಗೆ ಓಣಿಯಿಂದ ಓಣಿಗೆ ಹಬ್ಬಿ, ವರ್ಷಗಳು ಕಳೆದಂತೆ 90 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಒಳಚರಂಡಿ ಬಂತು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಮೊದಮೊದಲು ಕಾಂಕ್ರೀಟ್ ಕೆಲಸ ಚೆನ್ನಾಗಿ ಬರಲಿಲ್ಲ. ಎಷ್ಟು ಸಿಮೆಂಟಿಗೆ ಎಷ್ಟು ಮರಳು ಅನ್ನುವುದು, ಹಾಕಿದ ಮೇಲೆ ದಿನಾ ನೀರು ಹಾಕಿ ಹದ ಮಾಡಬೇಕು ಅನ್ನುವುದು ಜನರಿಗೆ ಗೊತ್ತಿರಲಿಲ್ಲ. ತಂಡದವರು ಕೂತು ಕಲಿಸಬೇಕಾಯಿತು. ನಿಮ್ಮ ದಾನಿಗಳ ದುಡ್ಡಿಗೆ ಇದೇ ಸರಿಯಾದ ಜಾಗ ಅಂತ ನನ್ನ ನಂಬಿಕೆ. ಚರಂಡಿಗೆ ಸುರಿಯಬೇಡಿ. ಒಳ್ಳೆಯ ಮೇಸ್ತ್ರಿಯ ಸಂಬಳ, ಅಳತೆಯ ಸಲಕರಣೆ, ಅಚ್ಚುಗಳು, ನಕ್ಷೆ, ಇಷ್ಟಕ್ಕೆ ಬಳಸಿ.

ಜನರೇ ಎಲ್ಲ ಮಾಡಲಿ ಅಂತ ಮಾತ್ರ ದಯವಿಟ್ಟು ಅನ್ನಬೇಡಿ. ನನಗೆ ತುಂಬಾ ಬೇಸರ ತರುವ ಮಾತು ಅದು. ಒರಂಗಿಯಲ್ಲಿ ಗೆರೆ ಸ್ಪಷ್ಟವಾಗಿತ್ತು. ಮನೆಯ ಪಾಯಿಖಾನೆ, ಓಣಿಯ ಚರಂಡಿ, ಅಕ್ಕಪಕ್ಕದ ಓಣಿಗಳ ಚರಂಡಿ ಬಂದು ಸೇರುವ ಕೊಳವೆ ಜನರದ್ದು. ದೊಡ್ಡ ಕಾಲುವೆ ಮತ್ತು ಶುದ್ಧೀಕರಣ ಘಟಕ ಸರ್ಕಾರದ್ದು. ಆ ದೊಡ್ಡ ಭಾಗಕ್ಕಾಗಿ ಬೆನ್ನು ಹತ್ತಲೇಬೇಕು, ಅದಕ್ಕೆ ನಕ್ಷೆಯೇ ಆಧಾರ. ಈ ನಕ್ಷೆಗಳ ಕೆಲಸವನ್ನು ವರ್ಷಗಟ್ಟಲೆ ಮುನ್ನಡೆಸಿದ ಪರ್ವೀನ್ ರೆಹಮಾನ್ ಅವರನ್ನು 2013ರ ಮಾರ್ಚ್‌ನಲ್ಲಿ ಗುಂಡಿಕ್ಕಿ ಕೊಂದರು. ನೆಲದ ಮೇಲೆ, ನೀರಿನ ಮೇಲೆ ಯಾರ ಹಿಡಿತ ಇದೆ ಅನ್ನುವುದನ್ನು ಕಾಗದಕ್ಕಿಳಿಸುವುದು ಎಷ್ಟು ದೊಡ್ಡ ಧೈರ್ಯ ಅಂತ ಅವರನ್ನು ನೆನೆದಾಗಲೆಲ್ಲ ಅನ್ನಿಸುತ್ತದೆ.

ಇನ್ನು ಗಿಡಗಳ ಮಾತು. ಗುಂಡಿ ತೋಡಿ, ಸಸಿ ನೆಟ್ಟು, ಫೋಟೋ ತೆಗೆದು ಹೋದ ಜಾಗಗಳಿಗೆ ಮುಂದಿನ ಬೇಸಿಗೆಯಲ್ಲಿ ನಾನು ಹೋಗಿ ನೋಡಿದ್ದೇನೆ. ಬರೀ ಒಣಗಿದ ಕಡ್ಡಿಗಳು. ಹೊಟ್ಟೆ ಉರಿಯುತ್ತದೆ. ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಶುರು ಮಾಡಿದ ಗ್ರೀನ್ ಬೆಲ್ಟ್ ಚಳವಳಿಯಲ್ಲಿ, ಬದುಕುಳಿದ ಸಸಿಯ ಲೆಕ್ಕಕ್ಕೆ ಹೆಂಗಸರಿಗೆ ಒಂದಿಷ್ಟು ಹಣ ಕೊಡುತ್ತಿದ್ದರು. ಎಷ್ಟು ಚಿಕ್ಕ ಬದಲಾವಣೆ, ಅಲ್ವಾ? ನೆಟ್ಟದ್ದನ್ನು ಎಣಿಸುವ ಬದಲು ಉಳಿದದ್ದನ್ನು ಎಣಿಸಿದರು, ಅಷ್ಟೇ.

ನೈಜರ್ ದೇಶದ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಹೊಲದಲ್ಲಿ ಬೆಳೆದ ಮರವೂ ಸರ್ಕಾರದ್ದೇ ಅನ್ನುವ ಕಾನೂನಿತ್ತು. ತನ್ನದಲ್ಲದ ಮರವನ್ನು ರೈತ ಯಾಕೆ ಕಾಯುತ್ತಾನೆ? ಚಿಗುರು ಬಂದರೆ ಕಿತ್ತು ಹಾಕುತ್ತಿದ್ದ. 1980ರ ದಶಕದಲ್ಲಿ ಆ ಬಿಗಿ ಸಡಿಲವಾಯಿತು. ಸವರಿದ ಮರಗಳ ಬುಡದಲ್ಲಿ ಬೇರು ಇನ್ನೂ ಜೀವಂತವಾಗಿತ್ತು. ರೈತರು ಒಳ್ಳೆಯ ಚಿಗುರು ನಾಲ್ಕಾರು ಉಳಿಸಿ ಉಳಿದದ್ದು ಸವರಿದರು. ಹೊಸದಾಗಿ ನೆಡುವ ಗೋಜೇ ಇಲ್ಲದೆ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರ ಬಂತು. ಸೌದೆ ಆಯಿತು, ದನಕ್ಕೆ ಸೊಪ್ಪಾಯಿತು, ಬಿಸಿಗಾಳಿಗೆ ತಡೆಯಾಯಿತು. ಹಾಗಾಗಿ ನೀವು ಗಿಡ ನೆಡುವ ಮೊದಲು ಅದರ ಹಣ್ಣು, ಸೊಪ್ಪು, ಸೌದೆ ಯಾರಿಗೆ ಸೇರುತ್ತದೆ ಅಂತ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ನೇಪಾಳದಲ್ಲಿ 1993ರ ಅರಣ್ಯ ಕಾಯ್ದೆ ಊರಿನ ಬಳಕೆದಾರರ ಗುಂಪುಗಳಿಗೆ ಕೊಟ್ಟದ್ದೂ ಇದೇ ಹಕ್ಕು. ಇವತ್ತು ಅಲ್ಲಿ ಅಂಥ ಗುಂಪುಗಳು 20 ಸಾವಿರಕ್ಕೂ ಜಾಸ್ತಿ ಇವೆ.

ಕಸದ ಬಗ್ಗೆ ಒಂದೇ ಮಾತು. ಅಲ್ಲಿ ಈಗಾಗಲೇ ಚಿಂದಿ ಆಯುವವರು ಇದ್ದೇ ಇರುತ್ತಾರೆ. ಅವರನ್ನು ಬಿಟ್ಟು ಯೋಜನೆ ಮಾಡಬೇಡಿ. ನಿಮ್ಮ ಒಳ್ಳೆಯ ಕೆಲಸದಿಂದ ಅವರ ಅನ್ನಕ್ಕೆ ಕಲ್ಲು ಬೀಳಬಾರದು.

ಎಲ್ಲಿಂದ ಶುರು ಮಾಡುವುದು ಅಂದರೆ, ಒಂದೇ ಓಣಿಯಿಂದ. ಯಾವ ಕೊಳಕು ದಿನಾ ಕಾಲಿಗೆ ತಾಕುತ್ತದೋ ಅದರಿಂದ. ಅದು ನಿಮ್ಮ ಯೋಜನೆಯ ಕಾಗದದಲ್ಲಿ ಇಲ್ಲದಿದ್ದರೆ ಕಾಗದ ಬದಲಿಸಿ. ಮೊದಲ ಸಭೆಯನ್ನು ನಿಮ್ಮ ಕಚೇರಿಯಲ್ಲಿ ಇಡಬೇಡಿ, ಅಲ್ಲೇ ಯಾರದಾದರೂ ಮನೆ ಮುಂದೆ ಇಡಿ. ಓಣಿಯ ಹೆಂಗಸರು ನೀರು ಹಿಡಿದು, ಅಡುಗೆ ಮುಗಿಸಿ, ಕೂರಲು ಬಿಡುವಾಗುವ ಹೊತ್ತು ಯಾವುದು ಅಂತ ಮೊದಲು ಕೇಳಿಕೊಂಡು ಬನ್ನಿ. ಸಭೆ ಆ ಹೊತ್ತಿಗೆ.