ಪಾಸ್‌ಪೋರ್ಟ್ ಬ್ರಿಟನ್ನಿನದು, ಶುಲ್ಕ ಮಾತ್ರ ವಿದೇಶಿ?

ಪ್ರಶ್ನೆ: ಮಗಳು ಬ್ರಿಟಿಷ್ ಪ್ರಜೆ. ಆರು ವರ್ಷದಿಂದ ಮೈಸೂರಿನಲ್ಲಿದ್ದೇವೆ. ಇಂಗ್ಲೆಂಡಿನಲ್ಲಿ ಪದವಿಗೆ ಸೇರಿಸಿದರೆ ಅಲ್ಲಿಯವರ ಶುಲ್ಕವೇ ತಾನೆ?

ಉತ್ತರ: ಪಾಸ್‌ಪೋರ್ಟ್ ಒಂದೇ ಸಾಲದು. ಕೋರ್ಸ್ ಸೆಪ್ಟೆಂಬರಿನಲ್ಲಿ ಶುರುವಾದರೆ, ಸೆಪ್ಟೆಂಬರ್ 1ರ ಹಿಂದಿನ ಪೂರ್ತಿ 3 ವರ್ಷ ಬ್ರಿಟನ್ನಿನಲ್ಲೇ ವಾಸವಿರಬೇಕು. ಇದ್ದರೆ 2025-26ರಲ್ಲಿ ವರ್ಷಕ್ಕೆ ಹೆಚ್ಚೆಂದರೆ 9,535 ಪೌಂಡ್. ಇಲ್ಲದಿದ್ದರೆ ವಿದೇಶಿ ಶುಲ್ಕ, ಅದಕ್ಕೆ ಮಿತಿಯೇ ಇಲ್ಲ. ಓದಿಗೆಂದೇ ಅಲ್ಲಿನ ಬೋರ್ಡಿಂಗ್ ಶಾಲೆಯಲ್ಲಿ ಕಳೆದ ವರ್ಷಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಲವರು ಎಡವುವುದೇ ಇಲ್ಲಿ.

ನೀವು ಬಂದದ್ದು ತಾತ್ಕಾಲಿಕ ಕೆಲಸಕ್ಕಾದರೆ ವಿನಾಯಿತಿ ಕೇಳಬಹುದು. ವಿಶ್ವವಿದ್ಯಾಲಯದ ಶುಲ್ಕ-ಸ್ಥಿತಿ ಅರ್ಜಿಯ (ಸ್ಥಳೀಯ ಶುಲ್ಕವೋ ವಿದೇಶಿಯೋ ಎಂದು ನಿರ್ಧರಿಸಲು ಕೊಡುವ ಅರ್ಜಿ) ಜತೆ ಅವಧಿ ನಮೂದಿಸಿದ ನೇಮಕಾತಿ ಪತ್ರ, ಅವಧಿ ವಿಸ್ತರಿಸಿದ ಪತ್ರಗಳು, ಅಲ್ಲಿ ಉಳಿಸಿಕೊಂಡ ಮನೆಯ ಕೌನ್ಸಿಲ್ ಟ್ಯಾಕ್ಸ್ (ಸ್ಥಳೀಯ ಆಡಳಿತದ ಮನೆ ತೆರಿಗೆ) ಬಿಲ್ ಲಗತ್ತಿಸಿ. ಪತ್ರದಲ್ಲಿ ‘ಕಾಯಂ’ ಎಂದಿದ್ದರೆ ವಾದ ಬಹಳ ದುರ್ಬಲ.