ಮನೆಯ ಕಾಕ್‌ಪಿಟ್‌ಗೆ ಎರಡನೇ ಮಾನಿಟರ್: ಪಕ್ಕಕ್ಕಲ್ಲ, ಕೆಳಗೆ ಇಡಿ

ನಿಮ್ಮ ಪ್ರಶ್ನೆ ಇಷ್ಟು: ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ಗೆ 27 ಇಂಚಿನ ಮಾನಿಟರ್ ಒಂದಿದೆ, ಯೋಕ್ (ವಿಮಾನದ ಸ್ಟೀರಿಂಗ್), ಪೆಡಲ್ ಬಂದಾಗಿದೆ. ಈಗ ಅಂಥದ್ದೇ ಇನ್ನೊಂದು 27 ಇಂಚಿನದನ್ನು ಪಕ್ಕದಲ್ಲಿ ಇಡಲಾ, ಇಲ್ಲ ಟಚ್ ಸ್ಕ್ರೀನ್ ತಗೊಳ್ಳಲಾ? ಮನೆ ಸೋಮವಾರಪೇಟೆ ಕಡೆ, ಕರೆಂಟಿನ ಕಾಟ ಬೇರೆ ಅಂದಿದ್ದೀರಿ.

ಎರಡೂ ಬೇಡ. ಮೊದಲನೆಯದನ್ನು ನಾನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಎರಡು ಮಾನಿಟರ್ ಪಕ್ಕಪಕ್ಕ ಇಟ್ಟರೆ ಎರಡರ ಅಂಚೂ ಸರಿಯಾಗಿ ಮೂಗಿನ ನೇರಕ್ಕೆ ಬರುತ್ತವೆ. ರನ್‌ವೇ ಕಾಣಬೇಕಾದ ಜಾಗದಲ್ಲಿ ಕಪ್ಪು ಪಟ್ಟಿ! ಒಂದನ್ನು ಎದುರಿಗಿಟ್ಟು ಇನ್ನೊಂದನ್ನು ಎಡಕ್ಕೆ ಓರೆ ಮಾಡಿದೆ. ಎಡಗಡೆ ಕಿಟಕಿ ಸಿಕ್ಕಿತು, ಬಲಗಡೆ ಮಾತ್ರ ನಮ್ಮ ಮನೆಯ ಸುಣ್ಣದ ಗೋಡೆ. ಹೊರಗಿನ ನೋಟಕ್ಕೆ ಒಂದು ಪರದೆ ಇರಬೇಕು, ಇಲ್ಲ ಮೂರು. ಜೊತೆಗೆ ಹೊರಗಿನ ದೃಶ್ಯವನ್ನು ಇನ್ನೊಂದು ಪರದೆಗೂ ಮೂಡಿಸಲು ಹೋಗಿ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತಿತ್ತು. ಆ ಮಾನಿಟರ್ ಈಗ ಮಗಳ ರೂಮಿನಲ್ಲಿದೆ. ಅವಳಿಗಂತೂ ಖುಷಿ. ಅಕ್ಕಪಕ್ಕ ನೋಡುವ ಆಸೆ ಇದ್ದರೆ ಒಂದು ವೆಬ್‌ಕ್ಯಾಮ್ ಇಟ್ಟು ಓಪನ್‌ಟ್ರ್ಯಾಕ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ. ಆ ಸಾಫ್ಟ್‌ವೇರ್‌ಗೆ ದುಡ್ಡು ಕೊಡಬೇಕಿಲ್ಲ. ತಲೆ ಸ್ವಲ್ಪ ತಿರುಗಿಸಿದರೆ ಸಾಕು, ನೋಟವೂ ತಿರುಗುತ್ತದೆ.

ಎರಡನೇ ಮಾನಿಟರಿನ ಜಾಗ ಕೆಳಗೆ, ಯೋಕಿನ ಹಿಂದೆ. ಅದರಲ್ಲಿ ಬರೀ ಮೀಟರುಗಳು. ನಮ್ಮ ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲವಲ್ಲ, ಹಾಗಾಗಿ ನಾನು ಸೆಸ್ನಾ 172 ಅನ್ನೋ ಪುಟ್ಟ ವಿಮಾನದಲ್ಲಿ ಕಣ್ಣೂರಿನಿಂದ ಹೊರಟು, ಸ್ವಲ್ಪ ಉತ್ತರಕ್ಕೆ ಸುತ್ತಿ, ತಡಿಯಂಡಮೋಳ್ ಬೆಟ್ಟದ ಪಕ್ಕದಿಂದ ಒಳಗೆ ಬಂದು, ವಿರಾಜಪೇಟೆ ಮೇಲೆ ಹಾದು ಮೈಸೂರಿಗೆ ಹೋಗುತ್ತೇನೆ. ಆ ಬೆಟ್ಟ 1,748 ಮೀಟರ್, ಅಂದರೆ 5,735 ಅಡಿ. ಕರಾವಳಿ ಕಡೆಯಿಂದ ಏರುವಾಗ ಎದುರಿಗೆ ಬೆಟ್ಟವನ್ನೂ ನೋಡಬೇಕು, ಎತ್ತರವನ್ನೂ ನೋಡುತ್ತಿರಬೇಕು. ಒಂದೇ ಮಾನಿಟರ್ ಇದ್ದಾಗ ಮೀಟರುಗಳೇ ಅರ್ಧ ಪರದೆ ತಿನ್ನುತ್ತಿದ್ದವು. ಕೆಳಕ್ಕೆ ಇಳಿಸಿದ ಮೇಲೆ ಮೇಲಿನ 27 ಇಂಚೂ ವಿಮಾನದ ಮುಂದಿನ ಗಾಜಾಯಿತು. ಕಣ್ಣು ಒಂದ್ಸಲ ಕೆಳಗೆ, ಒಂದ್ಸಲ ಮೇಲೆ. ನಿಜವಾದ ಪೈಲಟ್‌ಗಳೂ ಹೀಗೇ ತಾನೆ ನೋಡೋದು?

ಈ ಕೆಲಸಕ್ಕೆ 4ಕೆ, 144 ಹರ್ಟ್ಸ್ ಯಾವುದೂ ಬೇಡ. ಈಗಿನ ಸೆಸ್ನಾಗಳಲ್ಲಿ ಮೀಟರುಗಳ ಬದಲು ಇರುವ ಗಾರ್ಮಿನ್ ಜಿ1000 ಪರದೆಯೇ 10.4 ಇಂಚು, 1024×768. 22 ಇಂಚಿನ ಫುಲ್ ಎಚ್‌ಡಿಯಲ್ಲಿ ಅಂಥ ಎರಡು ಪರದೆ ನಿಜವಾದ ಅಳತೆಗೇ ಹಿಡಿಯುತ್ತವೆ, 24ರಲ್ಲಿ ಆರಾಮಾಗಿ. ಹಳೇ ಕಾಲದ ಮುಳ್ಳಿನ ಮೀಟರುಗಳೇ ಇಷ್ಟ ಅಂದರೆ ಇನ್ನೂ ಸುಲಭ. ಒಂದೊಂದೂ ಸುಮಾರು 8 ಸೆಂಟಿಮೀಟರ್ ಅಗಲ. ಮೂರು ಮೇಲೆ, ಮೂರು ಕೆಳಗೆ. ಆಫೀಸುಗಳಲ್ಲಿ ಇರುತ್ತಿದ್ದ ಹಳೇ 17 ಇಂಚಿನ ಚೌಕಾಕಾರದ ಮಾನಿಟರ್ ಸುಮಾರು 34 ಸೆಂ.ಮೀ. ಅಗಲ, 27 ಸೆಂ.ಮೀ. ಎತ್ತರ. ಆರೂ ಅದರಲ್ಲಿ ಕೂತುಬಿಡುತ್ತವೆ.

ಜಾಸ್ತಿ ನೋಡಬೇಕಾದ್ದು ಪ್ಯಾನೆಲ್ ಯಾವ ಬಗೆಯದು ಅನ್ನೋದನ್ನು. ನನ್ನ ಎರಡನೇ ತಪ್ಪು ಇದು. ಮೈಸೂರಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 19 ಇಂಚಿನ ಟಿಎನ್ ಮಾನಿಟರ್ ತಂದೆ. ಅಂಗಡಿಯಲ್ಲಿ ಎದುರಿಗೆ ಕೂತು ನೋಡಿದಾಗ ಲಕ್ಷಣವಾಗೇ ಇತ್ತು. ಮನೆಗೆ ತಂದು ಕೆಳಗೆ ಕೂರಿಸಿ ಮೇಲಿನಿಂದ ನೋಡಿದರೆ, ವಿಮಾನ ಎಷ್ಟು ವಾಲಿದೆ ಅಂತ ತೋರಿಸುವ ಮೀಟರಿನ ನೀಲಿ ಆಕಾಶ ಒಗೆದೊಗೆದು ಬಣ್ಣ ಹೋದ ಅಂಗಿಯ ಹಾಗೆ. ಟಿಎನ್ ಪ್ಯಾನೆಲ್‌ಗಳ ಗುಣವೇ ಅದು, ಮೇಲಿನಿಂದ ಕೆಳಗಿನಿಂದ ನೋಡಿದರೆ ಬಣ್ಣ ಕೆಡುತ್ತದೆ. ಹಿಂದಕ್ಕೆ ವಾಲಿಸಿ ಮುಖ ನನ್ನ ಕಣ್ಣಿನ ಕಡೆ ಮಾಡಿದ ಮೇಲೆ ಪರವಾಗಿಲ್ಲ ಅನ್ನಿಸಿತು, ಆದರೆ ಆಮೇಲೆ ಐಪಿಎಸ್ ತಂದೆ, ಆ ಬಗೆಯ ಪ್ಯಾನೆಲ್‌ನಲ್ಲಿ ಓರೆಯಿಂದ ನೋಡಿದರೂ ಬಣ್ಣ ಅಷ್ಟು ಕೆಡಲ್ಲ. ನೀವು ನೇರವಾಗಿ ಐಪಿಎಸ್ ತಗೊಳ್ಳಿ.

ಹಿಂದೆ ವೆಸಾ ತೂತು, ಅಂದರೆ 75 ಅಥವಾ 100 ಮಿಲಿಮೀಟರ್ ಚೌಕದ ನಾಲ್ಕು ಸ್ಕ್ರೂ ತೂತು, ಇದೆಯಾ ನೋಡಿ. ಅಗ್ಗದ ಕೆಲವಕ್ಕೆ ಇರಲ್ಲ. ನಾನು ತೋಟದ್ದೇ ಸಿಲ್ವರ್ ಓಕ್ ಹಲಗೆಗೆ ಬಿಗಿದಿದ್ದೇನೆ, ಮುಂದೆ ಆಚಾರಿ ಕೊಯ್ದುಕೊಟ್ಟ ಪ್ಲೈವುಡ್. ಪವರ್ ಬಟನ್ ಆ ಪ್ಲೈವುಡ್ ಹಿಂದೆ ಸೇರಿಕೊಂಡಿದ್ದು ಗೊತ್ತಾಗಿದ್ದು ಎಲ್ಲ ಬಿಗಿದಾದ ಮೇಲೆ! ಬೆರಳು ಹೋಗುವಷ್ಟು ತೂತು ಮೊದಲೇ ಇಡಿಸಿ. ಕೇಬಲ್ ಚುಚ್ಚುವ ಜಾಗ ಕೆಳಮುಖವಾಗಿದ್ದರೆ ಒಳ್ಳೆಯದು. ಹಳೇ ಮಾನಿಟರಿಗೆ ವಿಜಿಎ ಮಾತ್ರ ಇದ್ದರೆ ಈಗಿನ ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಲು ಕನ್ವರ್ಟರ್ ಬೇಕು.

ಸಾಫ್ಟ್‌ವೇರ್ ವಿಷಯ. ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ನಲ್ಲಿ ಎರಡನೇ ಮಾನಿಟರ್ ಬಳಸಲು ಸೆಟ್ಟಿಂಗ್‌ನಲ್ಲೇ ಜಾಗವಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಬಲಗಡೆಯ ಆಲ್ಟ್ ಒತ್ತಿಕೊಂಡು ಪರದೆಯಂಥ ಮೀಟರಿನ ಮೇಲೆ ಕ್ಲಿಕ್ ಮಾಡಿದರೆ ಅದು ಬೇರೆ ಕಿಟಕಿಯಾಗಿ ಹೊರಗೆ ಬರುತ್ತದೆ, ಎಳೆದು ಕೆಳಗೆ ಹಾಕಿ. ಒಂದೊಂದು ಕಿಟಕಿಗೂ ಒಂದಷ್ಟು ಫ್ರೇಮ್ ಹೋಗುತ್ತದೆ, ಅಂದರೆ ದೃಶ್ಯ ತಡವರಿಸುತ್ತದೆ, ಎರಡಕ್ಕಿಂತ ಜಾಸ್ತಿ ತೆಗೆಯಬೇಡಿ. ಮುಳ್ಳಿನ ಮೀಟರುಗಳಿಗೆ ನಾನು ಏರ್ ಮ್ಯಾನೇಜರ್ ಅನ್ನೋ ಸಾಫ್ಟ್‌ವೇರ್ ಬಳಸುತ್ತೇನೆ. ದುಡ್ಡು ಕೊಡಬೇಕು, ಆದರೆ ಅದನ್ನು ಬೇರೆ ಹಳೇ ಕಂಪ್ಯೂಟರಿನಲ್ಲೋ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರಿನಲ್ಲೋ ಓಡಿಸಬಹುದು. ಆಗ ಮುಖ್ಯ ಕಂಪ್ಯೂಟರಿನ ಮೇಲೆ ಭಾರ ಬೀಳಲ್ಲ.

ಟಚ್ ಯಾಕೆ ಬೇಡ ಅಂದೆ ಅಂದರೆ, ಗಾಜಿನ ಮೇಲೆ ಕಣ್ಣಿಡದೆ ಬೆರಳಿಡಲು ಆಗಲ್ಲ. ತಿರುಗಿಸುವ ನಾಬ್ ಆದರೆ ಕೈಗೇ ಗೊತ್ತಾಗುತ್ತದೆ. ಆ ದುಡ್ಡಲ್ಲಿ ನಾಲ್ಕು ನಾಬ್ ತಗೊಳ್ಳಿ.

ಇನ್ನು ಕರೆಂಟು. ನಮ್ಮ ಅಮ್ಮತ್ತಿ ಕಡೆ ಗಾಳಿ ಮಳೆಗೆ ಮರ ಬೀಳೋದು ಒಂದು ಕಡೆಯಾದರೆ, ಆನೆ ಬೈನೆ ಮರ ತಳ್ಳಿ ಲೈನ್ ಕಡಿಯೋದು ಇನ್ನೊಂದು ಕಡೆ. 22 ಇಂಚಿನ ಎಲ್‌ಇಡಿ ಮಾನಿಟರ್ 20-25 ವ್ಯಾಟ್ ಎಳೆಯುತ್ತದೆ ಅಷ್ಟೇ, ಅದರಿಂದ ಯುಪಿಎಸ್‌ಗೆ ತೊಂದರೆ ಇಲ್ಲ. ತೊಂದರೆ ಕಂಪ್ಯೂಟರಿನದು. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ತಡೆಯುತ್ತದೆ, ಗೇಮಿಂಗ್ ಕಾರ್ಡ್ ಇದ್ದರೆ ಅದು ಸಾಲದೆ ಬರಬಹುದು. ಕಾಫಿ ಹೂ ಬಿಡಿಸುವ ಮಳೆ ಬರುವಾಗ ಗುಡುಗು ಜೋರು. ಗುಡುಗು ಶುರುವಾಗುವ ಮುಂಚೆಯೇ ಪ್ಲಗ್ ಜೊತೆ ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ, ಸಿಡಿಲು ಅದರಲ್ಲೂ ಬರಬಹುದು. ಕಕ್ಕಡದಲ್ಲಿ, ಅಂದರೆ ನಮ್ಮ ಕಡೆಯ ಜೋರು ಮಳೆಯ ತಿಂಗಳಲ್ಲಿ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದಲ್ಲ, ಆಗ ಹಾರಿಸುವ ಮನಸ್ಸಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಮಾನಿಟರ್ ಉರಿಸಿ. ಬಟ್ಟೆ ಹೊದಿಸಿ ಬಿಗಿಯಾಗಿ ಮುಚ್ಚಬೇಡಿ.

ಆರ್ಡರ್ ಮಾಡುವ ಮುಂಚೆ ಒಂದು ಕೆಲಸ. ರಟ್ಟಿನ ಡಬ್ಬ ಕೊಯ್ದು 49 ಸೆಂ.ಮೀ. ಅಗಲ, 27 ಸೆಂ.ಮೀ. ಎತ್ತರದ ತುಂಡು ಮಾಡಿ. 22 ಇಂಚಿನ ಪರದೆ ಅಷ್ಟೇ ಇರುತ್ತದೆ. ಅದನ್ನು ಯೋಕಿನ ಹಿಂದೆ ನಿಲ್ಲಿಸಿ, ಕುರ್ಚಿಯಲ್ಲಿ ಕೂತು ನೋಡಿ. ಯೋಕಿನ ಹಿಡಿಗಳು ಕೆಳಗಿನ ಭಾಗವನ್ನು ಎಷ್ಟು ಮರೆಮಾಡುತ್ತವೆ ಅಂತ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ನನಗೆ ಮೂರನೇ ಒಂದು ಭಾಗ ಮರೆಯಾಗುತ್ತಿತ್ತು, ಮಾನಿಟರ್ ನಾಲ್ಕು ಬೆರಳು ಮೇಲಕ್ಕೆ ಎತ್ತಬೇಕಾಯಿತು.