ತಂಬುಳಿ ಇರಲಿ, ಆ ಗೊರಕೆ ಯಾವಾಗಿನಿಂದ?

ಶಿವಮೊಗ್ಗದ ತಾಯಿಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮೂರನೇ ಕ್ಲಾಸಿನ ಮಗ ಕೂತಲ್ಲಿ ಕೂರುವುದಿಲ್ಲ, ಹೋಂವರ್ಕ್ ಅರ್ಧಕ್ಕೇ ಬಿಟ್ಟು ಏಳುತ್ತಾನೆ, ವಾರಕ್ಕೊಂದು ರಬ್ಬರು ಕಳೆಯುತ್ತಾನೆ. ಮಕ್ಕಳ ಡಾಕ್ಟರು ‘ಎಡಿಎಚ್‌ಡಿ ಇರಬಹುದು’ ಅಂದಿದ್ದಾರೆ, ಅಂದರೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಅಮ್ಮನಿಗೆ ಮಾತ್ರೆಯ ಭಯ. ಹಾಗಾಗಿ ಬೆಳಿಗ್ಗೆ ನೆನೆಸಿದ ಬಾದಾಮಿ, ಊಟಕ್ಕೆ ಒಂದೆಲಗದ ತಂಬುಳಿ, ಸಕ್ಕರೆ ಪೂರ್ತಿ ಬಂದ್. ಜೊತೆಗೆ ಮೈದುನ ತಂದುಕೊಡುವ ‘ಬುದ್ಧಿ ಪುಡಿ’. ಮಾತ್ರೆಯಿಲ್ಲದೆ ಸರಿಹೋಗುವ ದಾರಿ ಹೇಳಿ ಎನ್ನುತ್ತಾರೆ.

ಮೂರನೇ ಪುಟದ ತುದಿಗೆ ಒಂದು ಸಾಲಿದೆ: ‘ನಿದ್ದೆಗೇನೂ ತೊಂದರೆಯಿಲ್ಲ, ಅಪ್ಪನ ಹಾಗೇ ಬಾಯಿ ತೆರೆದು ಗೊರಕೆ ಹೊಡೀತಾನೆ, ಪಕ್ಕದ ಕೋಣೆಗೂ ಕೇಳುತ್ತೆ.’ ನೀವು ನಗುತ್ತಾ ಬರೆದಿರಬೇಕು. ನನಗೆ ಅಲ್ಲಿಂದ ಮುಂದೆ ಓದಲಾಗಲಿಲ್ಲ.

ಎಂಟು ವರ್ಷದ ಹುಡುಗ ನೆಗಡಿಯಿಲ್ಲದೆಯೂ ದಿನಾ ಗೊರಕೆ ಹೊಡೆದರೆ ಅದು ಗಾಢ ನಿದ್ದೆಯಲ್ಲ ತಾಯಿ. ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ದಪ್ಪಗಾಗಿದ್ದರೆ ಉಸಿರಿನ ದಾರಿ ಕಿರಿದಾಗುತ್ತದೆ. ಉಸಿರು ಕಟ್ಟಿದಾಗಲೆಲ್ಲ ಮಿದುಳು ಅರೆ ಎಚ್ಚರವಾಗುತ್ತದೆ. ಹುಡುಗನಿಗೆ ಬೆಳಿಗ್ಗೆ ಅದರ ನೆನಪೇ ಇರುವುದಿಲ್ಲ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ, ರಚ್ಚೆ ಹಿಡಿಯುತ್ತಾರೆ. ಮದುವೆಮನೆಯಲ್ಲಿ ಹನ್ನೆರಡು ಗಂಟೆವರೆಗೆ ಎಚ್ಚರವಿದ್ದ ಮಕ್ಕಳನ್ನು ನೋಡಿಲ್ಲವೇ?

ಹಾಗಂತ ಎಡಿಎಚ್‌ಡಿ ಇಲ್ಲವೇ ಇಲ್ಲ ಎನ್ನಲಾರೆ. ನಿದ್ದೆಯಲ್ಲಿ ಉಸಿರು ಕಟ್ಟುವ 464 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಡಿನಾಯ್ಡ್, ಟಾನ್ಸಿಲ್ ತೆಗೆಯುವ ಆಪರೇಷನ್ ಬೇಗ ಮಾಡಿಸಿದವರ ನಿದ್ದೆ, ನಡವಳಿಕೆ ಸುಧಾರಿಸಿದವು. ಗಮನದ ಪರೀಕ್ಷೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಮಗನಿಗೆ ಎರಡೂ ಇರಬಹುದು, ಒಂದೇ ಇರಬಹುದು. ಅದನ್ನು ಬಿಡಿಸಿ ನೋಡದೆ ಮಾತ್ರೆ ಬೇಕೋ ಬೇಡವೋ ಎಂದು ಜಗಳ ಯಾಕೆ?

ತಂಬುಳಿ ಮಾಡಿ, ಬೇಸಿಗೆಗೆ ಅದಕ್ಕಿಂತ ತಂಪು ಇನ್ನೇನಿದೆ? ಔಷಧಿ ಅಂದುಕೊಂಡು ಲೋಟ ಹಿಡಿದು ಅವನ ಹಿಂದೆ ಓಡಬೇಡಿ. ಸಕ್ಕರೆ ತಿಂದರೆ ಮಕ್ಕಳು ಕುಣಿಯುತ್ತಾರೆಂಬ ಮಾತು 1995ರಲ್ಲೇ, ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಿಲ್ಲಲಿಲ್ಲ. ಹಲ್ಲಿನ ಸಲುವಾಗಿ ಕಡಿಮೆ ಮಾಡಿ, ಸಾಕು. ಗೆಳೆಯನ ಹುಟ್ಟುಹಬ್ಬದ ಕೇಕನ್ನು ಕೈಯಿಂದ ಕಿತ್ತುಕೊಂಡಿರಂತೆ, ಪಾಪ! ಸಂಜೆಯ ಟ್ಯೂಷನ್ ಬಿಡಿಸಿ ಬಯಲಿಗೆ ಕಳಿಸಿ. ಈ ಮಾತನ್ನು ಇಲ್ಲಿ ನೂರು ಸಲ ಬರೆದಿದ್ದೇನೆ, ನೂರಾ ಒಂದನೇ ಸಲ ಬರೆಯಲು ಬೇಸರವಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇರುವುದೆಲ್ಲ ಆ ಮೈದುನನ ಮೇಲೆ. ಹೆಸರಿಲ್ಲದ, ಚೀಟಿಯಿಲ್ಲದ ಪುಡಿಯನ್ನು ಪ್ರೀತಿಯ ಹೆಸರಲ್ಲಿ ಮಗುವಿನ ಬಾಯಿಗೆ ಹಾಕುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ಇಂಥ ಕೆಲವು ಔಷಧಿಗಳಲ್ಲಿ ಸೀಸ ಸಿಕ್ಕಿದೆ. ಸೀಸವೋ, ಮಕ್ಕಳ ಗಮನವನ್ನೇ ತಿನ್ನುವ ವಿಷ. ಇವತ್ತೇ ನಿಲ್ಲಿಸಿ, ಡಬ್ಬಿ ಎಸೆಯದೆ ಡಾಕ್ಟರಿಗೆ ತೋರಿಸಿ.

ಮಾಡಬೇಕಾದ್ದು ಒಂದೇ ಕೆಲಸ. ಈ ರಾತ್ರಿ ಅವನು ಮಲಗಿದ ಮೇಲೆ ಅಂಗಿಯ ಗುಂಡಿ ಬಿಚ್ಚಿ, ಎದೆಯೂ ಮುಖವೂ ಕಾಣುವಂತೆ, ಸದ್ದು ಕೇಳುವಂತೆ ಎರಡು ನಿಮಿಷ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಈ ವಾರದಲ್ಲೇ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ಅದನ್ನು ತೋರಿಸಿ. ಗೊರಕೆ ಹೊಡೆಯುವ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.